ಅರ್ಧ ಹಲ್ಲಿನ ಸುದ್ದಿ

ನನ್ನ ಮೇಜಿನ ಮೇಲೆ ಒಂದು ಕಲ್ಲಿದೆ. ಮುಷ್ಟಿಗಿಂತ ತುಸು ಚಿಕ್ಕದು, ಬಣ್ಣ ಕೆಂಪುಗಪ್ಪು, ಎತ್ತಿದರೆ ನೋಟಕ್ಕಿಂತ ಭಾರ. ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಅದನ್ನು ಎತ್ತಿ ನೋಡಿ, "ಹಂಪಿಯದಾ?" ಎಂದು ಕೇಳುತ್ತಾರೆ. ಹೊಸಪೇಟೆಯವನ ಮನೆಯಲ್ಲಿ ಕಲ್ಲು ಕಂಡರೆ ಅದು ಹಂಪಿಯಿಂದ ಎತ್ತಿಕೊಂಡು ಬಂದದ್ದೇ ಎಂದು ಪರಸ್ಥಳದವರು ತಿಳಿಯುವುದು ಸಹಜ. ಅಲ್ಲ, ರಸ್ತೆಯಲ್ಲಿ ಸಿಕ್ಕದ್ದು ಎಂದರೆ ಅವರಿಗೆ ನಿರಾಸೆ. ಅಕ್ಕನ ಮಗಳ ಮುಂದಿನ ಹಲ್ಲು ಮುರಿದದ್ದು ಇದರಿಂದಲೇ ಎಂದರೆ ಮೆಲ್ಲಗೆ ಕೆಳಗಿಟ್ಟು ಕೈ ಒರೆಸಿಕೊಳ್ಳಲು ಕರವಸ್ತ್ರ ತೆಗೆಯುತ್ತಾರೆ. ಇಷ್ಟು ವರ್ಷಗಳಾದರೂ ಆ ಕರವಸ್ತ್ರ ಕೆಂಪಾಗದೆ ಇರುವುದಿಲ್ಲ. ನಮ್ಮ ಜಿಲ್ಲೆಯ ಸಂಪತ್ತು ಅಷ್ಟು ಸುಲಭವಾಗಿ ಕೈಬಿಡುವಂಥದ್ದಲ್ಲ.

ಹಲ್ಲಿನ ವಿಷಯದಲ್ಲಿ ನನ್ನ ಬಾಲ್ಯದ ಕಂಪ್ಲಿಯಲ್ಲಿ ಆಡಳಿತ ಬಹಳ ಸರಳವಾಗಿತ್ತು. ಹಾಲುಹಲ್ಲು ಬಿದ್ದರೆ ಸಗಣಿಯ ಉಂಡೆಯೊಳಗಿಟ್ಟು ಮಾಳಿಗೆಯ ಮೇಲೆ ಎಸೆಯಬೇಕು. ಹೊಸದನ್ನು ಕಳಿಸುವುದು ಮೇಲಿನವರ ಜವಾಬ್ದಾರಿ. ಹಾಗೆ ಬಂದದ್ದು ಮುರಿದರೆ ಮಾತ್ರ ಅದಕ್ಕೆ ಅರ್ಜಿ ಹಾಕಿಕೊಳ್ಳುವ ಜಾಗವೇ ಇರಲಿಲ್ಲ. ನೋವಿಗೆ ಒಂದು ಲವಂಗ, ಮಿಕ್ಕಿದ್ದಕ್ಕೆ ಒಂದು ಅಡ್ಡಹೆಸರು, ಚಿಕಿತ್ಸೆ ಮುಗಿಯಿತು. ಚೋರನೂರಿನ ನಮ್ಮ ಚಿಕ್ಕಪ್ಪ ಹುಡುಗನಾಗಿದ್ದಾಗ ಬಾವಿಗೆ ಧುಮುಕಲು ಹೋಗಿ ಮೆಟ್ಟಿಲಿಗೆ ಅರ್ಧ ಹಲ್ಲು ಕೊಟ್ಟು ಬಂದವರು. ಅಂದಿನಿಂದ ಅವರು ಮುಕ್ಕಹಲ್ಲಿನ ಬಸಪ್ಪ. ಮುಪ್ಪಿನಲ್ಲಿ ಒಂದೂ ಹಲ್ಲು ಉಳಿಯದಿದ್ದಾಗಲೂ ಊರಿನವರು ಆ ಬಿರುದನ್ನು ಹಿಂಪಡೆಯಲಿಲ್ಲ. ಅವರು ತೀರಿಕೊಂಡ ದಿನ ಸುದ್ದಿ ಮುಟ್ಟಿಸಲು ಹೋದ ಅವರ ಮಗನೇ, "ಯಾವ ಬಸಪ್ಪ?" ಎಂದು ಕೇಳಿದವರಿಗೆ ಹಲ್ಲಿನ ಗುರುತು ಹೇಳಬೇಕಾಯಿತು.

ನನ್ನದು ಅಷ್ಟು ಧೀರೋದಾತ್ತ ಕಥೆಯಲ್ಲ. ಹುರಿದ ಹುಣಸೆ ಬೀಜವನ್ನು ಮುಂದಿನ ಹಲ್ಲಿನಿಂದಲೇ ಒಡೆಯುತ್ತೇನೆಂದು ಗೆಳೆಯರೊಡನೆ ಪಂಥ ಕಟ್ಟಿದೆ. ಬೀಜ ಗೆದ್ದಿತು. ಹಲ್ಲಿನ ಒಂದು ಮೂಲೆ ಹಾರಿಹೋಗಿ, ಸುಣ್ಣದ ಗೋಡೆಯ ಚಕ್ಕೆ ಎದ್ದಂತೆ ಕಾಣತೊಡಗಿತು. ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತೆ. ಆಮೇಲೆ ನಗುವುದನ್ನೇ ಕಡಿಮೆ ಮಾಡಿದೆ. ಇದರ ಪರಿಣಾಮಗಳು ದೂರ ಹೋದವು. ಮದುವೆಯ ಫೋಟೊದಲ್ಲಿ ನಾನು ಯಾರದೋ ಮಣ್ಣಿಗೆ ಹೋಗಿ ಹಾಗೇ ಬಂದವನಂತೆ ನಿಂತಿದ್ದೇನೆ. ಪತ್ರಿಕೆಯ ಕೆಲಸಕ್ಕೆ ಹೋದಾಗ ಸಂಪಾದಕರು ನನ್ನ ಮುಖ ನೋಡಿ, "ಗಂಭೀರ ಮನುಷ್ಯ, ಇರಲಿ" ಎಂದರು. ಒಂದು ಹುಣಸೆ ಬೀಜ ಹೀಗೆ ಜಿಲ್ಲೆಗೆ ಒಬ್ಬ ನಿಷ್ಪಕ್ಷಪಾತ ವರದಿಗಾರನನ್ನು ಕೊಟ್ಟಿತು.

ಇದೆಲ್ಲ ಹೇಳಿದ್ದು ಉಮಾ ನನ್ನಂತಾಗಬಾರದೆಂದು ನನಗೇಕೆ ಅಷ್ಟು ಅನ್ನಿಸಿತ್ತು ಎಂಬುದು ತಿಳಿಯಲೆಂದು. ಉಮಾ ನಮ್ಮ ಗಿರಿಜಕ್ಕನ ಒಬ್ಬಳೇ ಮಗಳು. ಆಗ ಎಂಟನೆಯ ತರಗತಿ. ಅವಳು ನಕ್ಕರೆ ಓಣಿಯ ಕೊನೆಯ ಮನೆಯವರು, "ಉಮಾ ಸಾಲಿಯಿಂದ ಬಂದ್ಳು" ಎಂದು ಗಡಿಯಾರ ನೋಡದೆ ಹೇಳುತ್ತಿದ್ದರು. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಆ ದಿನದ ಪತ್ರಿಕೆಯ ತಲೆಬರಹಗಳನ್ನು ಓದುವ ಕೆಲಸ ಅವಳದು. ನಮ್ಮ ಪತ್ರಿಕೆಯನ್ನು ಜಾಹೀರಾತು ನೋಡಲು ಕೊಳ್ಳುವವರಿದ್ದರು, ಮಿರ್ಚಿ ಕಟ್ಟಲು ಕೊಳ್ಳುವವರಿದ್ದರು. ಸುದ್ದಿಯನ್ನು ಗಟ್ಟಿಯಾಗಿ, ಒಂದಕ್ಷರ ನುಂಗದೆ ಓದುತ್ತಿದ್ದವಳು ನನಗೆ ಗೊತ್ತಿದ್ದಂತೆ ಅವಳೊಬ್ಬಳೇ.

ಅವಳ ಅಪ್ಪ ಕೊಟ್ರೇಶಿ ಭಾವ ಮೊದಲು ಕಂಪ್ಲಿಯಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದವರು. ಚೀನಾ ದೇಶಕ್ಕೆ ನಮ್ಮ ಗುಡ್ಡಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ ವರ್ಷಗಳಲ್ಲಿ ಅಂಗಡಿ ಮುಚ್ಚಿ, ಲಾರಿ ತೆಗೆದುಕೊಂಡು, ಹೊಸಪೇಟೆಗೆ ಬಂದರು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವರು ಕಲ್ಲನ್ನೇ ಸಾಗಿಸತೊಡಗಿದರು. ಒಂದಿದ್ದ ಲಾರಿ ಮೂರಾಯಿತು. ಸಂಡೂರಿನ ಕಡೆಯಿಂದ ಕಬ್ಬಿಣದ ಅದಿರು ತುಂಬಿ ಪ್ಲಾಟಿಗೆ, ಅಂದರೆ ಅದಿರು ಗುಡ್ಡೆ ಹಾಕುವ ಬಯಲಿಗೆ ಸುರಿದು ಬರುವುದು ಅವುಗಳ ಕೆಲಸ. ಆಗ ಊರಿನ ಮಾತೇ ಬದಲಾಗಿತ್ತು. ಎಲ್ಲದಕ್ಕೂ ಗ್ರೇಡ್. ಅದಿರಿಗೆ ಗ್ರೇಡ್, ಸೈಟಿಗೆ ಗ್ರೇಡ್, ಗಂಡುಗಳಿಗೆ ಗ್ರೇಡ್. ಭಾವ ಮಾವಿನಹಣ್ಣು ಕೊಳ್ಳುವಾಗಲೂ ಅಂಗೈಯಲ್ಲಿ ತೂಗಿ, "ಇದರಾಗ ಟಾಪ್ ಯಾವುದು?" ಎನ್ನುತ್ತಿದ್ದರು.

ಉಮಾ ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ ಒಂದು ಸಂಜೆ, ಯಾವುದೋ ಲಾರಿಯಿಂದ ಉದುರಿ ರಸ್ತೆಯಲ್ಲಿ ಬಿದ್ದಿದ್ದ ಈ ಕಲ್ಲಿನ ಮೇಲೆ ಮುಂದಿನ ಚಕ್ರ ಹತ್ತಿತು. ಅವಳ ಬಾಯಿ ಹ್ಯಾಂಡಲಿಗೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಆಟೊದವನೊಬ್ಬ ಮನೆಗೆ ಕರೆತಂದು ಬಿಟ್ಟ. ಲಂಗದ ಮೇಲಿನ ಕೆಂಪಿನಲ್ಲಿ ರಕ್ತ ಎಷ್ಟು, ಧೂಳು ಎಷ್ಟು ಎಂದು ಅಕ್ಕನಿಗೆ ನೀರು ಹಾಕಿ ತೊಳೆಯುವವರೆಗೆ ಗೊತ್ತಾಗಲಿಲ್ಲ.

ಭಾವ ನನ್ನನ್ನು ಹಿಂದೆ ಕೂರಿಸಿಕೊಂಡು ಮೋಟಾರ್‌ಸೈಕಲ್ ಹತ್ತಿದರು. ಇನ್ನೂ ಬೆಳಕಿತ್ತು. ಬಿದ್ದ ಜಾಗ ಸಿಕ್ಕಿತು. ನಾನು ಅಭ್ಯಾಸಬಲದಿಂದ ಪಕ್ಕದ ಪಾನ್ ಅಂಗಡಿಯವನನ್ನು ಎಷ್ಟು ಹೊತ್ತಿಗೆ, ಯಾವ ಲಾರಿ, ಯಾವ ಕಡೆಯಿಂದ ಎಂದು ವಿಚಾರಿಸುತ್ತ ನಿಂತೆ. ಭಾವ ಬಗ್ಗಿ ನೆಲವನ್ನೆಲ್ಲ ಹುಡುಕಿ, ಕೊನೆಗೆ ಏನನ್ನೋ ಎತ್ತಿಕೊಂಡು, ಪ್ಯಾಂಟಿಗೆ ಒರೆಸಿ, ಅಂಗೈಯಲ್ಲಿ ತೂಗಿದರು.

"ನೋಡಪಾ ಇಲ್ಲಿ. ಎಷ್ಟು ತೂಕ ಐತಿ. ಭಾರೀ ಗ್ರೇಡ್ ಮಾಲಿದು. ಇಂಥದ್ದನ್ನ ರಸ್ತಿಗೆ ಚೆಲ್ಲಿಕೊಂತ ಹೋಗ್ಯಾನಂದ್ರ ಅವನೆಂಥ ಡ್ರೈವರ್ ಇರಬೇಕು."

ಅವರ ಸಿಟ್ಟು ನಿಜವಾದದ್ದೇ. ಕಲ್ಲು ಜೇಬಿಗೆ ಹೋಯಿತು. ನನಗೆ ಬೇಕಿದ್ದ ವಿವರಗಳೂ ಸಿಕ್ಕವು. ಸ್ಥಳ ಪರಿಶೀಲನೆ ಮುಗಿಸಿ, ಕರ್ತವ್ಯ ಮಾಡಿದ ತೃಪ್ತಿಯಲ್ಲಿ ಇಬ್ಬರೂ ಮನೆಗೆ ಬಂದೆವು. ಹಲ್ಲಿನ ಚೂರು ಅಲ್ಲೇ ಎಲ್ಲೋ ಬಿದ್ದಿರಬೇಕು, ಅದನ್ನು ಹುಡುಕಬೇಕು ಎಂದು ಇಬ್ಬರಲ್ಲಿ ಒಬ್ಬರಿಗೂ ತೋಚಲಿಲ್ಲ. ಅದಕ್ಕೆ ಗ್ರೇಡ್ ಇರಲಿಲ್ಲ.

ಅಂದೇ ಆಫೀಸಿಗೆ ಹೋಗಿ ನಾಲ್ಕು ಸಾಲಿನ ಸುದ್ದಿ ಬರೆದು ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು.

"ಸತ್ತಾರೇನ್ರಿ?"

"ಇಲ್ಲ. ಹುಡುಗಿಯ ಹಲ್ಲು ಮುರಿದಿದೆ."

"ಎಷ್ಟು ಹಲ್ಲು?"

"ಅರ್ಧ."

ಆ ಕಡೆಯಿಂದ ಒಂದು ನಿಟ್ಟುಸಿರು. "ಅರ್ಧ ಹಲ್ಲಿಗೆ ಎಲ್ಲಿಂದ ಜಾಗ ತರೂದ್ರಿ? ಪುಟದ ತುಂಬ ಜಾಹೀರಾತು ಐತಿ."

ಮರುದಿನ ನೋಡಿದರೆ ಇತ್ತು, ನಿಜ. ಗಣಿ ಮಾಲೀಕರೊಬ್ಬರಿಗೆ ಹಿತೈಷಿಗಳು ಕೋರಿದ ಹುಟ್ಟುಹಬ್ಬದ ಶುಭಾಶಯ ಪುಟವನ್ನೆಲ್ಲ ತುಂಬಿತ್ತು. ಅವರು ಫೋಟೊದಲ್ಲಿ ಮನಸ್ಸು ಬಿಚ್ಚಿ ನಗುತ್ತಿದ್ದರು. ಹಲ್ಲುಗಳಿಗೆ ಜಾಗವಿಲ್ಲವೆಂದು ನಮ್ಮ ಪತ್ರಿಕೆಯನ್ನು ದೂರುವಂತಿರಲಿಲ್ಲ. ಅವು ಪೂರ್ತಿ ಇರಬೇಕಿತ್ತು, ಅಷ್ಟೇ.

ಆ ಬೆಳಿಗ್ಗೆಯೇ ಉಮಾಳನ್ನು ಕರೆದುಕೊಂಡು ದಂತವೈದ್ಯರ ಬಳಿ ಹೋದೆವು. ಟಯರ್ ಅಂಗಡಿಯ ಮಹಡಿಯ ಮೇಲೆ ಹೊಸದಾಗಿ ತೆರೆದ ಕ್ಲಿನಿಕ್ಕು. ವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಉಮಾಳ ತುಟಿ ಎತ್ತಿ ನೋಡಿದವರೇ ನಮ್ಮತ್ತ ತಿರುಗಿದರು.

"ಹಲ್ಲಿನ ಚೂರು ಎಲ್ಲೈತ್ರಿ?"

ಭಾವ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಚಿತ್ರ ನೋಡಿದೆ.

"ಹಾಲಿನ್ಯಾಗ ಹಾಕಿ ತಂದಿದ್ರ ಅದನ್ನ ಅಂಟಿಸಬಹುದಿತ್ತು. ಅವಳದ ಹಲ್ಲು, ಅವಳದ ಬಣ್ಣ. ಅದಕ್ಕಿಂತ ಚಲೋದು ಬ್ಯಾರೆ ಇಲ್ಲ."

"ಅದನ್ನ ಅಂಟಸ್ತಾರೇನ್ರಿ?" ಎಂದರು ಭಾವ.

ಉಮಾಳ ಪಕ್ಕ ನಿಂತಿದ್ದ ಅಕ್ಕ ಬಾಯಿ ತೆರೆದಳು. "ಇವರಿಬ್ರೂ ಹೋಗಿದ್ರು ಡಾಕ್ಟ್ರೇ. ಹಲ್ಲು ಬಿಟ್ಟು ಕಲ್ಲು ತಂದಾರ. ಮನ್ಯಾಗ ಶೋಕೇಸಿನ್ಯಾಗ ಇಟ್ಟಾರ. ಬೇಕಂದ್ರ ಹೇಳ್ರಿ, ಅದನ್ನ ಅಂಟಸೋಣಂತ."

ವೈದ್ಯೆ ನಗದೆ ಕೆಲಸ ಮುಂದುವರಿಸಿದ್ದು ಅವರ ವೃತ್ತಿಶಿಸ್ತಿಗೆ ಸಾಕ್ಷಿ. ಹಲ್ಲು ಅಲುಗಾಡುತ್ತಿಲ್ಲ, ಒಳಗಿನ ನರ ಹೊರಗೆ ಕಾಣುತ್ತಿಲ್ಲ, ಅದೃಷ್ಟ ಎಂದರು. ಭಾವನಿಗೆ ಅದೃಷ್ಟದ ಮಾತು ಬೇಕಿರಲಿಲ್ಲ.

"ಕ್ಯಾಪ್ ಹಾಕಿ ಬಿಡ್ರಿ. ನಮ್ಮ ಪ್ಲಾಟಿನ ಸಾಹುಕಾರ್ರ ಮಗ ಬಂಗಾರದ್ದು ಹಾಕಿಸ್ಯಾನ, ಮಸ್ತ್ ಐತಿ."

"ಇಷ್ಟು ಸಣ್ಣ ವಯಸ್ಸಿಗೆ ಕ್ಯಾಪ್ ಬ್ಯಾಡ್ರಿ. ಕ್ಯಾಪ್ ಹಾಕಬೇಕಂದ್ರ ಹಲ್ಲನ್ನ ಸುತ್ತಲೂ ಕೊರೀಬೇಕಾಗ್ತದ. ಒಳಗಿನ ನರ ಈಗ ದಪ್ಪ ಇರ್ತದ, ಒಸಡು ಇನ್ನೂ ತನ್ನ ಜಾಗಕ್ಕ ನಿಂತಿರಂಗಿಲ್ಲ. ಈಗ ಹಲ್ಲಿನ ಬಣ್ಣದ್ದೇ ಸಿಮೆಂಟಿನಂಥದ್ದು ಇಟ್ಟು ಕಟ್ಟತೀನಿ. ಆಗಾಗ ಬಂದು ತೋರಿಸ್ರಿ, ನರ ಜೀವ ಹಿಡಕೊಂಡೈತೋ ಇಲ್ಲೋ ನೋಡಬೇಕು. ಕ್ಯಾಪಿನ ಮಾತು ಆಕಿ ದೊಡ್ಡಾಕಿ ಆದ ಮ್ಯಾಲೆ."

ಗುಡ್ಡಗಳನ್ನು ಹಗಲಿರುಳು ಕೊರೆಯುತ್ತಿದ್ದ ನಮ್ಮ ಜಿಲ್ಲೆಯಲ್ಲಿ, ಎಳೆಯದು, ಕೊರೆಯಬೇಡಿ, ಕಾಯಿರಿ ಎಂದು ಅಧಿಕಾರವಾಣಿಯಲ್ಲಿ ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಆ ವರ್ಷಗಳಲ್ಲಿ ಅದೊಂದೇ ಸಲ. ಅದೂ ಒಂದು ಹಲ್ಲಿನ ಬಗ್ಗೆ.

ಆಮೇಲೆ ಅವರು ಬಣ್ಣ ಹೊಂದಿಸಲು ಒಂದು ಪಟ್ಟಿ ತಂದರು. ಅದರ ಮೇಲೆ ಬೇರೆ ಬೇರೆ ಬಣ್ಣದ ಹಲ್ಲುಗಳ ಸಾಲು: ಹಾಲುಬಿಳುಪಿನಿಂದ ಹಿಡಿದು ಚಹಾದ ಬಣ್ಣದವರೆಗೆ. ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮ ಕಡೆಯ ಹಲ್ಲುಗಳಿಗೆ ಒಂದು ಕೆನೆ ಬಣ್ಣ, ಅಲ್ಲಲ್ಲಿ ಸುಣ್ಣದ ಚುಕ್ಕೆ. ವೈದ್ಯೆ ಅಂಥದೊಂದನ್ನು ಉಮಾಳ ತುಟಿಯ ಬಳಿ ಹಿಡಿದರು.

"ಇದರಾಗ ಟಾಪ್ ಯಾವುದ್ರಿ?" ಎಂದರು ಭಾವ.

"ಟಾಪ್ ಅಂತ ಇರಂಗಿಲ್ರಿ. ಪಕ್ಕದ ಹಲ್ಲಿಗೆ ಹೊಂದೋದು ಹಾಕಬೇಕು."

"ಪಕ್ಕದವರನ್ನ ನೋಡ್ಕೊಂತ ಕುಂತಿದ್ರ ನಾನು ಇನ್ನೂ ಕಂಪ್ಲ್ಯಾಗ ಅಕ್ಕಿ ತೂಗತಿದ್ದೆ. ಎಲ್ಲಾಕಿಂತ ಬೆಳ್ಳಗಿರೋದು ಹಾಕ್ರಿ."

ವೈದ್ಯೆ ಉಮಾಳನ್ನು ಕೇಳಿದರು. ಬಾಯಿ ತೆರೆಯಲು ಮನಸ್ಸಿಲ್ಲದ ಹುಡುಗಿ ಅಪ್ಪನ ಕಡೆ ಕೈ ತೋರಿಸಿದಳು. ವೈದ್ಯೆ ಪಟ್ಟಿಯನ್ನು ಬದಿಗಿಟ್ಟು, "ಇದನ್ನ ಬದಲಿ ಮಾಡಬಹುದು, ಹಲ್ಲಿಗೇನೂ ತ್ರಾಸಿಲ್ಲ, ಅದಕ್ಕ ಹಾಕ್ತೀನಿ. ನೀವು ಮತ್ತ ಬರ್ತೀರಿ" ಎಂದರು. ನೀಲಿ ಬೆಳಕು ಹಿಡಿದು ಹಲ್ಲು ಕಟ್ಟಿ ಮುಗಿಸಿದರು. ಕೆಲಸ ಅಚ್ಚುಕಟ್ಟು. ಅಳತೆ, ಆಕಾರ ಎಲ್ಲ ಸರಿ. ಬಣ್ಣ ಮಾತ್ರ ಹಳೆಯ ಓಣಿಯ ನಡುವೆ ಹೊಸ ಸಾಹುಕಾರ ಕಟ್ಟಿಸಿದ ಮನೆಯಂತೆ ಎದ್ದು ನಿಂತಿತ್ತು. ಭಾವ, "ಈಗ ನೋಡ್ರಿ" ಎಂದರು. ಉಮಾ ಕನ್ನಡಿ ನೋಡಿದಳು, ಕನ್ನಡಿ ವಾಪಸು ಕೊಟ್ಟಳು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಆ ಕೈ ಅಲ್ಲೇ ಉಳಿಯಿತು. ಶಾಲೆಯಲ್ಲಿ ಅವಳಿಗೆ ಟ್ಯೂಬ್‌ಲೈಟ್ ಎಂಬ ಹೆಸರು ಬಂತು. ಅವಳು ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನವರು, "ಕರೆಂಟ್ ಬಂತಲೇ" ಎನ್ನುತ್ತಿದ್ದರಂತೆ. ಚೋರನೂರಿನ ಪದ್ಧತಿ ಹೊಸಪೇಟೆಯಲ್ಲೂ ಜಾರಿಯಲ್ಲಿತ್ತು. ಅವಳು ತಲೆಬರಹ ಓದುವುದನ್ನು ಬಿಟ್ಟಳು. ಗಂಟಲು ನೋವು ಎಂದು ಮಾಸ್ತರರಿಗೆ ಹೇಳಿದಳು. ಊಟ ಮಾಡುವಾಗ ಗೋಡೆಯ ಕಡೆ ತಿರುಗುತ್ತಿದ್ದಳು. ನಗು ಬಂದರೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ನನಗೆ ಈ ವಿದ್ಯೆಯ ಪ್ರತಿಯೊಂದು ಪಾಠವೂ ಗೊತ್ತಿತ್ತು. ಹೀಗೇ ಮುಂದುವರಿದರೆ ಹುಡುಗಿ ನನ್ನಂತೆ ಗಂಭೀರಳಾಗಿ, ಕೊನೆಗೆ ಯಾವುದಾದರೂ ಪತ್ರಿಕೆ ಸೇರಿಬಿಡುವ ಅಪಾಯವಿತ್ತು.

ಒಂದು ಭಾನುವಾರ ಅವರ ಮನೆಯಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತ ಕೂತಿದ್ದೆವು. ಉಮಾ ಎಡಗೈಯಿಂದ ಬಾಯಿ ಮುಚ್ಚಿ ಬಲಗೈಯಿಂದ ತಿನ್ನುತ್ತಿದ್ದಳು. ಭಾವನಿಗೆ ತಡೆಯಲಾಗಲಿಲ್ಲ.

"ಕೈ ತಗಿಯವ್ವಾ. ಟಾಪ್ ಹಲ್ಲು ಹಾಕಿಸೀನಿ. ಮುಚ್ಚಿಕೊಂಡು ಕುಂತ್ರ ಹೆಂಗ?"

ಕೈಯ ಹಿಂದಿನಿಂದ ಉತ್ತರ ಬಂತು. "ನಿಮ್ಮ ಲಾರಿ ಯಾಕ ಮುಚ್ಚಂಗಿಲ್ಲ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅದನ್ನ ಮುಚ್ಚಿದ್ರ ನಾ ಇದನ್ನ ಮುಚ್ಚತಿದ್ದಿಲ್ಲಪ್ಪಾಜಿ."

ಇಡೀ ಜಿಲ್ಲೆಯಲ್ಲಿ ಅದಿರಿನ ಲಾರಿಗಳೆಲ್ಲ ಬೆನ್ನು ತೆರೆದುಕೊಂಡು ಓಡಾಡುತ್ತಿದ್ದವು. ಮುಚ್ಚಿದ್ದು ಈ ಹುಡುಗಿಯ ಬಾಯಿ ಮಾತ್ರ ಎಂಬುದು ನನಗೂ ಆಗಲೇ ಹೊಳೆದದ್ದು.

ಭಾವ ಸಮರ್ಥನೆಗೆ ಇಳಿದರು. "ಆ ಕಲ್ಲು ನಮ್ಮ ಲಾರಿದಲ್ಲ."

"ಹೆಂಗ ಗೊತ್ತು?"

"ನನಗ ಗೊತ್ತಾಗಂಗಿಲ್ಲೇನು? ನಮ್ಮ ಮಾಲು ಅಷ್ಟು ಚಲೋ ಗ್ರೇಡ್ ಇರಂಗಿಲ್ಲ."

ಅಕ್ಕ ಎದ್ದಳು. ಶೋಕೇಸಿನಲ್ಲಿ ಹಂಪಿಯ ಕಲ್ಲಿನ ರಥದ ಪುಟ್ಟ ಬೊಂಬೆಯ ಪಕ್ಕ ಇಟ್ಟಿದ್ದ ಈ ಕಲ್ಲನ್ನು ತಂದು ಅವರ ಮಂಡಕ್ಕಿ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ನಮ್ಮ ಮಾಲು ಇಷ್ಟು ಚಲೋ ಇರಂಗಿಲ್ಲ ಅಂತ ನಾಳೆ ಪ್ಲಾಟಿನ್ಯಾಗ ಸಾಹುಕಾರ್ರ ಮುಂದ ಹೇಳಿ ಬರ್ರಿ. ಆಗ ನಂಬತೀವಿ."

ಭಾವ ಹೇಳುವಂತಿರಲಿಲ್ಲ. ಒಂದೋ ಮಾಲು ಕಳಪೆ ಎಂದು ಒಪ್ಪಿ ವ್ಯಾಪಾರ ಕೆಡಿಸಿಕೊಳ್ಳಬೇಕು, ಇಲ್ಲವೇ ಮಗಳ ಹಲ್ಲು ಮುರಿದವರ ಸಾಲಿನಲ್ಲಿ ನಿಲ್ಲಬೇಕು. ಅವರು ಮಂಡಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ಬೆರಳಾಡಿಸುತ್ತ ಕೂತರು.

"ಲಾರಿ ಮುಚ್ಚಸ್ರಿ," ಎಂದಳು ಉಮಾ. "ನಾ ಕೈ ತಗೀತೀನಿ."

ಇದು ಸಣ್ಣ ಬೇಡಿಕೆಯಾಗಿರಲಿಲ್ಲ. ಲಾರಿಗೆ ಟಾರ್ಪಾಲು ಹೊದಿಸಬೇಕಾದರೆ ಅದಿರು ಪಕ್ಕದ ಹಲಗೆಯ ಮಟ್ಟಕ್ಕಿಂತ ಕೆಳಗಿರಬೇಕು. ಆಗ ಲಾರಿ ತುಂಬುತ್ತಿದ್ದದ್ದೇ ಗೋಪುರದಂತೆ. ಗೋಪುರಕ್ಕೆ ಹೊದಿಕೆ ನಿಲ್ಲುವುದಿಲ್ಲ. ಲೋಡು ತಗ್ಗಬೇಕು, ಹಗ್ಗ ಕಟ್ಟುವಷ್ಟರಲ್ಲಿ ಸರದಿ ತಪ್ಪುತ್ತದೆ, ಡ್ರೈವರುಗಳು ಮುನಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ಮಾಡದ್ದನ್ನು ಮಾಡಬೇಕು. ಟಾಪ್ ಆಗಿರುವುದು ಬೇರೆ, ಒಬ್ಬರೇ ಆಗಿರುವುದು ಬೇರೆ. ಅಂದು ನಾನು ಹೊರಡುವಾಗ ಅಕ್ಕ ಆ ಕಲ್ಲನ್ನು ನನ್ನ ಚೀಲಕ್ಕೆ ಹಾಕಿ ಕಳಿಸಿದಳು. ಮುಂದಿನ ದಿನಗಳಲ್ಲಿ ಭಾವ ಮಗಳನ್ನು ನೋಡಿದಾಗಲೆಲ್ಲ ಅವಳ ಕೈ ನೋಡುತ್ತಿದ್ದರು.

ಆಮೇಲೊಂದು ಬೆಳಿಗ್ಗೆ ಬೇರೆ ಸುದ್ದಿಗೆಂದು ಪ್ಲಾಟಿನ ಬಳಿ ಹೋಗಿದ್ದೆ. ಕೆಂಪು ಧೂಳಿನ ಸಾಲಿನಲ್ಲಿ ನೀಲಿ ಟಾರ್ಪಾಲು ಹೊದ್ದ ಲಾರಿಯೊಂದು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಚಹಾ ಅಂಗಡಿಯಲ್ಲಿದ್ದ ಮಾಲೀಕರೆಲ್ಲ ಎದ್ದು ನಿಂತು ನೋಡಿದರು.

"ಏನಪಾ ಕೊಟ್ರೇಶಿ, ಲಾರಿಗೆ ಸೀರಿ ಉಡಿಸೀಯಲ್ಲ. ಕುಪ್ಪಸ ಯಾವಾಗ ಹೊಲಸ್ತಿ?"

"ಸೀಮಂತ ಐತೇನು? ನಮಗೂ ಹೇಳಪಾ, ಬರ್ತೀವಿ."

ಭಾವ ಚಹಾದ ಲೋಟದಿಂದ ತಲೆ ಎತ್ತಲಿಲ್ಲ. "ಹುಡುಗಿ ಹಠ ಹಿಡದಾಳ, ಏನ್ ಮಾಡ್ಲಿ" ಎಂದರು. ಪರಿಸರ, ಸಾರ್ವಜನಿಕ ಸುರಕ್ಷತೆ ಮುಂತಾದ ಪದಗಳು ಆಗಲೂ ಚಾಲ್ತಿಯಲ್ಲಿದ್ದವು. ಆ ಮಾತಾಡುವವರ ಲಾರಿಗಳು ಮಾತ್ರ ತೆರೆದೇ ಇದ್ದವು.

ಆ ವಾರವೇ ಮತ್ತೆ ಕ್ಲಿನಿಕ್ಕಿಗೆ ಹೋದೆವು. ವೈದ್ಯೆ, "ಬಂದ್ರಾ, ಕುಂದ್ರಿ" ಎಂದರು, ಅಷ್ಟೇ. ಉಮಾಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕೈಗೆ ಕನ್ನಡಿ ಕೊಟ್ಟು, ಬಣ್ಣದ ಪಟ್ಟಿಯನ್ನು ಅವಳ ಮುಂದೆಯೇ ಹಿಡಿದರು. ಅವಳು ಒಂದೊಂದನ್ನೇ ಹಲ್ಲಿನ ಪಕ್ಕ ಇಟ್ಟು ನೋಡಿ ಕೆನೆ ಬಣ್ಣದ್ದನ್ನು ಆರಿಸಿದಳು. ಭಾವ ಗುಡಿಯಲ್ಲಿ ನಿಂತವರಂತೆ ಕೈಕಟ್ಟಿ ನಿಂತಿದ್ದರು. ಬೆಳ್ಳಗಿನದನ್ನು ತೆಗೆದು ಹೊಸದಾಗಿ ಕಟ್ಟಿ, ಪಕ್ಕದ ಹಲ್ಲಿನಲ್ಲಿದ್ದಂಥ ಒಂದು ಸುಣ್ಣದ ಚುಕ್ಕೆಯನ್ನೂ ವೈದ್ಯೆ ಇಟ್ಟರು.

ಭಾವ ಬಗ್ಗಿ ನೋಡಿದರು. "ಹೊಸದು ಹಾಕಿದಂಗ ಕಾಣಂಗೇ ಇಲ್ಲಲ್ರಿ."

"ಅದಕ್ಕ ಹಾಕಿದ್ದು."

ಇನ್ನು ಮೇಲೆ ಸೀಬೆಕಾಯಿ ಕಚ್ಚಬಾರದು, ಕಬ್ಬು ಸಿಗಿಯಬಾರದು ಎಂದಾಗ ಮಾತ್ರ ಹುಡುಗಿಯ ಕಣ್ಣಲ್ಲಿ ನೀರು ಬಂತು. ಕಬ್ಬು ಬೆಳೆಯುವ ಕಂಪ್ಲಿಯ ರಕ್ತ. ಹುಣಸೆ ಬೀಜದ ಹೆಸರೂ ಬಂದಾಗ ನಾನು ತುಟಿ ಬಿಗಿ ಮಾಡಿದೆ. ವೈದ್ಯೆಯ ಕಣ್ಣು ತಪ್ಪಲಿಲ್ಲ. "ನಿಮ್ಮದೂ ನೋಡ್ಲೇನ್ರಿ?" ಎಂದರು. ನಂದು ಹಳೇ ಕೇಸು, ಇತ್ಯರ್ಥವಾಗಿದೆ ಎಂದೆ.

ಸೋಮವಾರ ಪತ್ರಿಕೆ ಕೊಡುವ ನೆಪದಲ್ಲಿ ಶಾಲೆಗೆ ಹೋಗಿ ಗೇಟಿನ ಬಳಿ ನಿಂತೆ. ಪ್ರಾರ್ಥನೆ ಮುಗಿಯಿತು. ಉಮಾ ಮುಂದೆ ಬಂದು ಎರಡೂ ಕೈಯಲ್ಲಿ ಪತ್ರಿಕೆ ಹಿಡಿದಳು. ಎರಡೂ ಕೈಯಲ್ಲಿ. ಅದಿರಿನ ಬೆಲೆ ಮತ್ತೆ ಏರಿಕೆ ಎಂದು ಓದಿದಳು. ಸಚಿವರಿಂದ ಅಭಿವೃದ್ಧಿಯ ಭರವಸೆ ಎಂದು ಓದಿದಳು. ಕಬ್ಬು ಬೆಳೆಗಾರರ ಸಭೆ ಮುಂದಕ್ಕೆ ಎಂದು ಓದಿದಳು. ಹಿಂದಿನ ಸಾಲಿನಿಂದ ಯಾರೋ, "ಕರೆಂಟ್ ಹೋತಲೇ" ಎಂದರು. ಅವಳು ಪತ್ರಿಕೆಯನ್ನು ಮಡಿಸಿದಳು. ಆದರೆ ನಿಲ್ಲಿಸಲಿಲ್ಲ.

"ಸ್ಥಳೀಯ ಸುದ್ದಿ. ಲಾರಿಯಿಂದ ಬಿದ್ದ ಅದಿರಿನ ಕಲ್ಲಿನಿಂದ ನಗರದ ವಿದ್ಯಾರ್ಥಿನಿಯೊಬ್ಬಳ ಮುಂದಿನ ಹಲ್ಲು ಅರ್ಧ ಮುರಿದಿದೆ. ಈ ಹಿನ್ನೆಲೆಯಲ್ಲಿ ಲಾರಿ ಮಾಲೀಕರೊಬ್ಬರು ತಮ್ಮ ಲಾರಿಗಳಿಗೆ ಟಾರ್ಪಾಲು ಹೊದಿಸಿದ್ದಾರೆ. ಉಳಿದವರು ಹೊದಿಸಿಲ್ಲ. ಇಲ್ಲಿಗೆ ವಾರ್ತೆಗಳು ಮುಗಿದವು."

ಅನಗತ್ಯ ವಿಶೇಷಣ ಒಂದೂ ಇರಲಿಲ್ಲ. ನಮ್ಮ ಡೆಸ್ಕಿನವರು ತಿದ್ದಲು ಏನೂ ಸಿಗುತ್ತಿರಲಿಲ್ಲ. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು, ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡು, ಹಿಂದೆ ಮುಂದೆ ತಿರುವಿ ನೋಡಿದರು.

"ಇದು ಯಾವ ಪೇಪರಿನ್ಯಾಗ ಬಂದೈತವ್ವಾ?"

"ಇನ್ನಾ ಬಂದಿಲ್ರಿ ಸರ್."

ಮಕ್ಕಳು ನಕ್ಕರು. ಮೊದಲು ಹಿಂದಿನ ಸಾಲು, ಆಮೇಲೆ ಎಲ್ಲ ಸಾಲೂ. ಉಮಾಳಿಗೂ ನಗು ತಡೆಯಲಾಗಲಿಲ್ಲ. ಓಣಿಯ ಕೊನೆಯ ಮನೆಗೆ ಕೇಳುವ ಹಳೆಯ ನಗು ಅದು. ಕೈ ಮೇಲೆ ಏಳಲಿಲ್ಲ. ನಾನು ಗೇಟಿನ ಸರಳು ಹಿಡಿದು, ವೃತ್ತಿಯ ಅಭ್ಯಾಸದಿಂದ, ಮುರಿದಿದ್ದ ಹಲ್ಲು ಯಾವುದೆಂದು ಖಚಿತಪಡಿಸಿಕೊಳ್ಳಲು ನೋಡಿದೆ. ಎಡದ್ದೋ ಬಲದ್ದೋ ಗೊತ್ತಾಗಲಿಲ್ಲ.